ಅಳಿವು ಮತ್ತು ಉಳಿವು: ಕನ್ನಡ ಸಾಹಿತ್ಯದಲ್ಲಿ ನಾಸ್ತಿಕನ ಮರಣವಿಚಾರ

೧

ಸತ್ತ ಮೇಲೆ ಏನು ಎಂಬ ಪ್ರಶ್ನೆಗೆ ಆಸ್ತಿಕರು ಕೊಟ್ಟ ಉತ್ತರಗಳು ಕನ್ನಡ ವಿಮರ್ಶೆಗೆ ಅಪರಿಚಿತವಲ್ಲ. ಜೈನಕವಿಗಳ ಭವಾವಳಿ, ಶರಣರ ಲಿಂಗೈಕ್ಯ, ಹರಿದಾಸರ ವೈಕುಂಠ, ವೀರಗಲ್ಲುಗಳ ಸ್ವರ್ಗ, ಇವೆಲ್ಲವೂ ಮತ್ತೆ ಮತ್ತೆ ವಿವೇಚನೆಗೆ ಒಳಗಾಗಿವೆ. ಪರಲೋಕವೇ ಇಲ್ಲವೆಂದವರು ಮರಣವನ್ನು ಕುರಿತು ಹೇಳಿದ್ದೇನು, ಆ ಮಾತು ನಮ್ಮ ಕಾವ್ಯಗಳಲ್ಲಿ ಯಾವ ರೂಪದಲ್ಲಿ ಉಳಿದುಬಂದಿದೆ, ಅದಕ್ಕೆ ಸಾಹಿತ್ಯದಲ್ಲಿ ಸಲ್ಲತಕ್ಕ ಬೆಲೆಯೆಷ್ಟು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

ಮೊದಲಿಗೆ ‘ನಾಸ್ತಿಕ’ ಶಬ್ದದ ಅರ್ಥವನ್ನು ಗೊತ್ತುಪಡಿಸಿಕೊಳ್ಳುವುದು ಅವಶ್ಯಕ. ಇಂದಿನ ಬಳಕೆಯಲ್ಲಿ ದೇವರಿಲ್ಲವೆನ್ನುವವನು ನಾಸ್ತಿಕ. ವೈದಿಕ ದರ್ಶನಗಳ ಪರಿಭಾಷೆಯಲ್ಲಿ ವೇದಪ್ರಾಮಾಣ್ಯವನ್ನು ಒಪ್ಪದವನು ನಾಸ್ತಿಕ. ಆದರೆ ವ್ಯಾಕರಣದ ಸಾಕ್ಷ್ಯ ಬೇರೆಯೇ ಆಗಿದೆ. ಈ ಶಬ್ದಗಳನ್ನು ಸಾಧಿಸುವ ಪಾಣಿನಿಯ ಸೂತ್ರಕ್ಕೆ (೪-೪-೬೦) ಅರ್ಥ ಹೇಳುವಾಗ ಕಾಶಿಕಾವೃತ್ತಿಯು, ಪರಲೋಕವುಂಟೆಂಬ ಬುದ್ಧಿಯುಳ್ಳವನು ಆಸ್ತಿಕ, ಇಲ್ಲವೆಂಬ ಬುದ್ಧಿಯುಳ್ಳವನು ನಾಸ್ತಿಕ ಎಂದು ವಿವರಿಸುತ್ತದೆ. ಎಂದ ಮೇಲೆ ನಾಸ್ತಿಕತೆಯು ದೇವರಿಗಿಂತ ಮೊದಲು ಮರಣಕ್ಕೆ ಸಂಬಂಧಿಸಿದ ವಿಚಾರ. ಈ ಅರ್ಥವನ್ನು ಹಿಡಿದರೆ, ಸೃಷ್ಟಿಕರ್ತನನ್ನು ಒಪ್ಪದ ಜೈನರು ಆಸ್ತಿಕರೇ ಆಗುತ್ತಾರೆ. ಅವರ ಕಾವ್ಯಗಳಲ್ಲಿ ನಾಸ್ತಿಕನು ಪ್ರತಿಪಕ್ಷಿಯಾಗಿ ಬಂದು ನಿಲ್ಲುವುದಕ್ಕೂ ಕಾರಣ ತಿಳಿಯುತ್ತದೆ. ಇಲ್ಲಿ ಈ ಶಬ್ದವನ್ನು ಈ ಪ್ರಾಚೀನಾರ್ಥದಲ್ಲಿಯೇ ಬಳಸಿದೆ.

ವಿಷಯವು ವಿಶಾಲವಾದುದರಿಂದ ಕೆಲವೇ ಕೃತಿಗಳನ್ನು ಆಯ್ದುಕೊಂಡಿದೆ. ಹಳಗನ್ನಡದಿಂದ ಪಂಪನ ಆದಿಪುರಾಣ, ಜನ್ನನ ಯಶೋಧರ ಚರಿತೆ, ಹೊಸಗನ್ನಡದಿಂದ ಬಿ. ಎಂ. ಶ್ರೀಕಂಠಯ್ಯನವರ ಅಶ್ವತ್ಥಾಮನ್, ಶಿವರಾಮ ಕಾರಂತರ ಅಳಿದ ಮೇಲೆ, ಎ. ಎನ್. ಮೂರ್ತಿರಾಯರ ದೇವರು. ಇವುಗಳ ಜೊತೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಬೇಕೆಂದೇ ಕಣ್ಣಮುಂದೆ ಇಟ್ಟುಕೊಂಡಿದೆ. ಆತ್ಮ ಮತ್ತು ದೇಹಗಳ ಸಂಬಂಧಕ್ಕೆ ನಮ್ಮಲ್ಲಿ ಮೇಲಿಂದ ಮೇಲೆ ಕೊಡುವ ದೃಷ್ಟಾಂತವೊಂದು ಆ ಸೀಮೆಯ ದಿನನಿತ್ಯದ ಕಸುಬು. ಹೊಸಗನ್ನಡದ ಇಬ್ಬರು ಆಚಾರ್ಯಪುರುಷರ ಜನ್ಮಸ್ಥಳಗಳೂ ಅಲ್ಲಿಯೇ ಇವೆ. ಅವರಿಬ್ಬರ ಕೃತಿಗಳೂ ಈ ಚರ್ಚೆಗೆ ಒದಗಿಬರುತ್ತವೆ.

೨

ಕಾವ್ಯಗಳಿಗೆ ಹೋಗುವ ಮೊದಲು ಭಾಷೆಯನ್ನು ಕೇಳಬೇಕು. ಸಾವನ್ನು ಸೂಚಿಸುವ ಕನ್ನಡ ಮಾತುಗಳನ್ನು ಒಂದೆಡೆ ಜೋಡಿಸಿದರೆ ಅವು ಎರಡು ಗುಂಪಾಗಿ ಒಡೆಯುತ್ತವೆ. ಸ್ವರ್ಗಸ್ಥರಾದರು, ಕೈಲಾಸವಾಸಿಗಳಾದರು, ವೈಕುಂಠವಾಸಿಗಳಾದರು, ಲಿಂಗೈಕ್ಯರಾದರು, ದೈವಾಧೀನರಾದರು ಎಂಬಿವು ಮೊದಲನೆಯ ಗುಂಪಿನವು. ಸತ್ತವನು ಹೋಗಿ ಸೇರಿದ ಎಡೆಯೊಂದನ್ನು, ಅಥವಾ ಅವನನ್ನು ಬರಮಾಡಿಕೊಂಡ ಶಕ್ತಿಯೊಂದನ್ನು ಇವು ಹೇಳುತ್ತವೆ. ತೀರಿಕೊಂಡರು, ಕಾಲವಾದರು, ಇಲ್ಲವಾದರು, ಮಡಿದರು, ಅಳಿದರು, ಮಣ್ಣಾದರು ಎಂಬಿವು ಎರಡನೆಯ ಗುಂಪಿನವು. ಇವುಗಳಲ್ಲಿ ಎಡೆಯ ಮಾತಿಲ್ಲ. ತೀರುವುದೆಂದರೆ ಮುಗಿಯುವುದು, ಸಾಲ ತೀರಿತು, ಕೆಲಸ ತೀರಿತು ಎನ್ನುವಲ್ಲಿಯೂ ಅದೇ ಧಾತು.

ಈ ವಿಂಗಡಣೆಯಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಮೊದಲನೆಯ ಗುಂಪಿನ ಶಬ್ದಗಳು ಬಹುಮಟ್ಟಿಗೆ ಸಂಸ್ಕೃತದಿಂದ ಬಂದವು, ಗೌರವಾರ್ಥದಲ್ಲಿ ಬಳಸುವಂಥವು, ಮತಕ್ಕೆ ತಕ್ಕಂತೆ ಬದಲಾಗುವಂಥವು. ಎರಡನೆಯ ಗುಂಪಿನವು ‘ಕಾಲವಾಗು’ ಮೊದಲಾದ ಒಂದೆರಡನ್ನು ಬಿಟ್ಟರೆ ಅಚ್ಚಗನ್ನಡದವು. ಯಾವ ಮತದವರ ಮನೆಯಲ್ಲಿಯೂ ಸಲ್ಲುವಂಥವು. ಇದರಿಂದ ಕನ್ನಡಿಗರು ಮೂಲತಃ ಪರಲೋಕವನ್ನು ನಂಬದವರು ಎಂದು ಸಾಧಿಸಹೊರಟರೆ ಅದು ಅತಿಯಾಗುತ್ತದೆ. ಊರೂರಿನ ವೀರಗಲ್ಲುಗಳೇ ಅದಕ್ಕೆ ಎದುರು ಸಾಕ್ಷಿಯಾಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ದೇವಸಾನ್ನಿಧ್ಯದಲ್ಲಿ ಕುಳಿತಿರುವುದು: ಈ ಕ್ರಮ ಪರಲೋಕದ ನಂಬಿಕೆಯನ್ನು ಕಲ್ಲಿನಲ್ಲಿ ಬಿಡಿಸಿಟ್ಟಿದೆ. ಭಾಷೆಯಿಂದ ಹೊರಡುವ ತೀರ್ಮಾನ ಇಷ್ಟೆ: ಸಾವನ್ನು ಪರಲೋಕದ ಹಂಗಿಲ್ಲದೆ ಹೇಳಬಯಸುವವನಿಗೆ ಕನ್ನಡವು ಮಾತಿನ ಬಡತನವನ್ನು ಉಂಟುಮಾಡುವುದಿಲ್ಲ. ಅಳಿ ಎಂಬ ಧಾತುವಿನ ಪಕ್ಕದಲ್ಲಿಯೇ ಉಳಿ ಎಂಬುದನ್ನು ಅದು ಇರಿಸಿದೆ. ಒಬ್ಬನು ಅಳಿದಾಗ ಏನು ಉಳಿಯಿತು ಎಂದು ಕೇಳುವುದು ಈ ಭಾಷೆಗೆ ಸಹಜವಾದ ಪ್ರಶ್ನೆ.

೩

ನಾಸ್ತಿಕನ ಮಾತು ನಮಗೆ ದೊರೆತಿರುವುದು ಬಹುಪಾಲು ಪೂರ್ವಪಕ್ಷವಾಗಿ. ಲೋಕಾಯತರ ಮೂಲಸೂತ್ರಗಳು ಪೂರ್ಣವಾಗಿ ಉಳಿದುಬಂದಿಲ್ಲ. ವಿಜಯನಗರದ ಕಾಲದ ಸರ್ವದರ್ಶನಸಂಗ್ರಹವು ಚಾರ್ವಾಕಮತದಿಂದಲೇ ಆರಂಭವಾಗುತ್ತದೆಯಾದರೂ, ಅಲ್ಲಿಯೂ ಅದು ಮೊದಲು ಹೇಳಿ ಮೊದಲು ತಳ್ಳಿಹಾಕತಕ್ಕ ಮತ. ವಾದಿಯ ಮಾತನ್ನು ಪ್ರತಿವಾದಿಯ ಬಾಯಿಂದಲೇ ಕೇಳಬೇಕಾದ ಈ ಸ್ಥಿತಿಯನ್ನು ಮರೆಯದೆ ಓದಬೇಕು.

ಕ್ರಿ. ಶ. ೯೪೧ರಲ್ಲಿ ರಚಿತವಾದ ಆದಿಪುರಾಣದಲ್ಲಿ ಪಂಪನು ಜಿನಸೇನರ ಪೂರ್ವಪುರಾಣವನ್ನು ಅನುಸರಿಸಿ ಇಂಥದೊಂದು ಚರ್ಚೆಯನ್ನು ತಂದಿದ್ದಾನೆ. ವಿದ್ಯಾಧರ ಚಕ್ರವರ್ತಿ ಮಹಾಬಲನ ಹುಟ್ಟುಹಬ್ಬದ ಸಭೆ. ಜೈನಮಂತ್ರಿ ಸ್ವಯಂಬುದ್ಧನು ಧರ್ಮದ ಫಲವನ್ನು ಹೇಳಿದಾಗ ಉಳಿದ ಮೂವರು ಮಂತ್ರಿಗಳು ಅದನ್ನು ವಿರೋಧಿಸುತ್ತಾರೆ. ಅವರಲ್ಲಿ ಮಹಾಮತಿಯು ಭೂತವಾದಿ. ಮದ್ಯದ ಸಾಮಗ್ರಿಗಳು ಬೆರೆತಾಗ ಅಮಲು ಹುಟ್ಟುವಂತೆ, ನೆಲ ನೀರು ಬೆಂಕಿ ಗಾಳಿಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ. ಕೂಟ ಬಿಚ್ಚಿದಾಗ ಇಲ್ಲವಾಗುತ್ತದೆ. ದೇಹವನ್ನು ಬಿಟ್ಟು ಹೋಗುವ ಜೀವವೆಂಬುದಿಲ್ಲ. ಆದುದರಿಂದ ಕೈಯಲ್ಲಿರುವ ಸುಖವನ್ನು ಕಾಣದ ಸುಖಕ್ಕಾಗಿ ಬಿಡುವುದು ಅವಿವೇಕ ಎಂಬುದು ಅವನ ವಾದ.

ಇದಕ್ಕೆ ಸ್ವಯಂಬುದ್ಧನು ಕೊಡುವ ಉತ್ತರದ ರೀತಿಯನ್ನು ನೋಡಬೇಕು. ತರ್ಕವನ್ನು ಅವನು ಹೂಡದೆ ಇಲ್ಲ. ಆದರೆ ಅರಸನ ಮನಸ್ಸನ್ನು ತಿರುಗಿಸುವುದು ತರ್ಕಕ್ಕಿಂತ ಹೆಚ್ಚಾಗಿ ಮಹಾಬಲನ ವಂಶದವರ ಕಥೆಗಳು. ದಾಹಜ್ವರದಿಂದ ನರಳಿ, ರಕ್ತದ ಕೊಳದಲ್ಲಿ ಮೀಯಬಯಸಿ, ನರಕಕ್ಕೆ ಇಳಿದ ಅರವಿಂದ. ಭಂಡಾರದ ಮೇಲಿನ ಆಸೆಯಿಂದ ಅದೇ ಭಂಡಾರದಲ್ಲಿ ಹೆಬ್ಬಾವಾಗಿ ಹುಟ್ಟಿದ ದಂಡಕ. ಸ್ವರ್ಗಕ್ಕೆ ಹೋದ ಶತಬಲ. ಮುಕ್ತಿಯನ್ನು ಪಡೆದ ಸಹಸ್ರಬಲ. ಪ್ರಮಾಣದ ದೃಷ್ಟಿಯಿಂದ ಇವು ಮಹಾಮತಿಗೆ ಉತ್ತರವಾಗುವುದಿಲ್ಲ. ಪರಲೋಕವುಂಟೇ ಎಂದು ಕೇಳಿದವನಿಗೆ ಪರಲೋಕದ ಕಥೆಯನ್ನು ಹೇಳಿದಂತಾಯಿತು. ಕಾವ್ಯದ ದೃಷ್ಟಿಯಿಂದಲಾದರೋ ಇವು ಬಹು ಬಲವಾಗಿವೆ. ಹಣವನ್ನು ಸುತ್ತಿಕೊಂಡು ಮಲಗಿದ ಹೆಬ್ಬಾವು ಸತ್ತ ದಂಡಕನ ಚಿತ್ರವೆಂಬುದಕ್ಕಿಂತ ಬದುಕಿದ್ದ ದಂಡಕನ ಚಿತ್ರವಾಗಿಯೇ ಹೆಚ್ಚು ಒಪ್ಪುತ್ತದೆ. ಪುನರ್ಜನ್ಮವನ್ನು ಒಪ್ಪದ ಓದುಗನಿಗೂ ಈ ಭಾಗದಲ್ಲಿ ನಷ್ಟವಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಮುಂದೆ ಬರುತ್ತದೆ. ಮಹಾಬಲನು ಸಲ್ಲೇಖನದಿಂದ ದೇಹವನ್ನು ಬಿಟ್ಟು ಲಲಿತಾಂಗದೇವನಾಗುತ್ತಾನೆ. ಸ್ವಯಂಬುದ್ಧನು ಗೆದ್ದಂತಾಯಿತು. ಆದರೆ ಆಯುಷ್ಯ ಮುಗಿಯುತ್ತ ಬಂದಾಗ ಸ್ವರ್ಗದಲ್ಲಿಯೂ ಲಲಿತಾಂಗನ ಹೂಮಾಲೆ ಬಾಡುತ್ತದೆ, ಕಾಂತಿ ಕುಂದುತ್ತದೆ. ದೇವನಾದವನು ಮನುಷ್ಯನಂತೆಯೇ ಹಲುಬುತ್ತಾನೆ. ಸಾವಿನ ಭಯಕ್ಕೆ ಮದ್ದೆಂದು ಹೇಳಿದ ಲೋಕದಲ್ಲಿಯೇ ಸಾವಿನ ಭಯ ಎದುರಾಗುತ್ತದೆ. ಪಂಪನ ಧರ್ಮದೃಷ್ಟಿಯಲ್ಲಿ ಇದು ಸರಿಯಾದುದೇ, ಏಕೆಂದರೆ ಸ್ವರ್ಗವೂ ಸಂಸಾರದೊಳಗಿನದು, ಮುಕ್ತಿಯೊಂದೇ ಗುರಿ. ಆದರೂ ಪರಲೋಕವು ಮರಣವನ್ನು ನೀಗಿಸುವುದಿಲ್ಲ, ಮುಂದಕ್ಕೆ ಹಾಕುತ್ತದೆ ಎಂಬುದನ್ನು ನಾಸ್ತಿಕನಿಗಿಂತ ಚೆನ್ನಾಗಿ ಪಂಪನೇ ತೋರಿಸಿಕೊಟ್ಟಿದ್ದಾನೆ. ಮುಂದೆ ಲಲಿತಾಂಗನು ವಜ್ರಜಂಘನಾಗಿ ಹುಟ್ಟಿ ಶ್ರೀಮತಿಯನ್ನು ಕೂಡುತ್ತಾನೆ. ಮಲಗುವ ಮನೆಯ ಗವಾಕ್ಷಗಳನ್ನು ಸೇವಕರು ತೆರೆಯಲು ಮರೆತುದರಿಂದ ಧೂಪದ ಹೊಗೆ ಸುತ್ತಿ ಇಬ್ಬರೂ ತೋಳತೆಕ್ಕೆಯಲ್ಲಿಯೇ ಸಾಯುತ್ತಾರೆ. ಕನ್ನಡದ ಅತ್ಯಂತ ಪ್ರಸಿದ್ಧವಾದ ಮರಣಸಂದರ್ಭಗಳಲ್ಲಿ ಇದು ಒಂದು. ಸಾವಿನ ಕಾರಣ ಇಲ್ಲಿ ಕಣ್ಣಿಗೆ ಕಾಣುವಂಥದು, ಸಣ್ಣದು: ಮುಚ್ಚಿದ ಕಿಟಕಿ, ಹೊಗೆ. ಭೋಗಕ್ಕೆ ತಂದ ವಸ್ತುವೇ ಕೊಂದಿತು ಎಂಬ ಮರುಕವು ಆ ಕ್ಷಣವನ್ನೆಲ್ಲ ತುಂಬುತ್ತದೆ. ಮುಂದಿನ ಭವದ ಸಮಾಧಾನವು ಅನಂತರದ್ದು.

೪

ಜನ್ನನ ಯಶೋಧರ ಚರಿತೆ (೧೨೦೯) ಹೊಯ್ಸಳ ವೀರಬಲ್ಲಾಳನ ಕಾಲದ್ದು. ಮುಂದಿನ ತಲೆಮಾರುಗಳಲ್ಲಿ ತುರುವೇಕೆರೆ, ನೊಣವಿನಕೆರೆ, ವಿಘ್ನಸಂತೆಗಳ ದೇವಾಲಯಗಳನ್ನು ಎಬ್ಬಿಸಿದುದೂ ಇದೇ ಹೊಯ್ಸಳ ನಾಡು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ತಾಯಿ ಮಗ ಇಬ್ಬರೂ ಮೃಗಪಕ್ಷಿಗಳ ಜನ್ಮಗಳಲ್ಲಿ ತೊಳಲುವ ಕಥೆ ಇದಾದುದರಿಂದ, ಪುನರ್ಜನ್ಮವನ್ನು ತೆಗೆದರೆ ಕಾವ್ಯದ ಕಟ್ಟೇ ಕುಸಿಯುತ್ತದೆ. ಅಂಥ ಕೃತಿಯೊಳಗೇ ಪರಂಪರೆಯು ಚಂಡಕರ್ಮನೆಂಬ ತಳಾರನನ್ನು ತಂದು ನಿಲ್ಲಿಸಿದೆ.

ಕೋಳಿಗಳಾಗಿ ಹುಟ್ಟಿರುವ ತಾಯಿಮಗನನ್ನು ಪಂಜರದಲ್ಲಿ ಹೊತ್ತು ತಂದಿರುವ ಈ ಚಂಡಕರ್ಮನು ಅಕಂಪನ ಮುನಿಗಳೊಡನೆ ವಾದಿಸುತ್ತಾನೆ. ದೇಹ ಬೇರೆ ಜೀವ ಬೇರೆ ಎಂಬುದನ್ನು ತಾನು ಪರೀಕ್ಷಿಸಿ ನೋಡಿದ್ದೇನೆ ಎನ್ನುವುದು ಅವನ ಮಾತಿನ ಧಾಟಿ. ಕಳ್ಳನೊಬ್ಬನನ್ನು ಬಿರುಕಿಲ್ಲದಂತೆ ಮುಚ್ಚಿದ ಪಾತ್ರೆಯಲ್ಲಿ ಇರಿಸಿದಾಗ ಅವನು ಸತ್ತನು, ಜೀವ ಹೊರಟ ರಂಧ್ರ ಕಾಣಲಿಲ್ಲ. ಬದುಕಿದ್ದಾಗಲೂ ಸತ್ತಾಗಲೂ ತೂಗಿ ನೋಡಿದರೆ ತೂಕ ಒಂದೇ. ಖಂಡಿಸಿ ನೋಡಿದರೆ ಒಳಗೆ ಜೀವವೆಂಬ ವಸ್ತು ಸಿಕ್ಕಲಿಲ್ಲ. ಇವಕ್ಕೆ ಮುನಿಗಳ ಸಮಾಧಾನಗಳು ಇವು: ಮುಚ್ಚಿದ ಎಡೆಯಲ್ಲಿ ಊದಿದ ಶಂಖದ ದನಿ ರಂಧ್ರವಿಲ್ಲದೆಯೂ ಹೊರಬರುತ್ತದೆ, ಗಾಳಿ ತುಂಬಿದ ತಿದಿಗೂ ಬರಿದಾದ ತಿದಿಗೂ ತೂಕದಲ್ಲಿ ಭೇದವಿಲ್ಲ, ಅರಣಿಯನ್ನು ಸೀಳಿದರೆ ಬೆಂಕಿ ಕಾಣದಿದ್ದರೂ ಕಡೆದರೆ ಹುಟ್ಟುತ್ತದೆ.

ಈ ವಾದ ಹೊಸದಲ್ಲ. ಬೌದ್ಧರ ದೀಘನಿಕಾಯದಲ್ಲಿ ಪಾಯಾಸಿ ರಾಜನೂ, ಜೈನಾಗಮದ ರಾಯಪಸೇಣಿಯದಲ್ಲಿ ಪಏಸಿ ರಾಜನೂ ಇಂಥವೇ ಪರೀಕ್ಷೆಗಳನ್ನು ಹೇಳುತ್ತಾರೆ. ಪಾಯಾಸಿಯದು ಇನ್ನೊಂದು ಹೆಚ್ಚಿನ ಪ್ರಶ್ನೆ: ಸಾಯುವ ಬಂಧುಗಳಿಗೆ, ಹೋದ ಮೇಲೆ ಬಂದು ತಿಳಿಸಿರೆಂದು ಹೇಳಿ ಕಳುಹಿದೆ, ಒಬ್ಬರೂ ಬರಲಿಲ್ಲ. ಇಷ್ಟು ಪ್ರಾಚೀನವಾದ ಈ ಕುತೂಹಲವು ಇಪ್ಪತ್ತನೆಯ ಶತಮಾನದವರೆಗೂ ಸತ್ತಿರಲಿಲ್ಲ. ೧೯೦೭ರಲ್ಲಿ ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯನು ಸಾಯುತ್ತಿದ್ದ ಆರು ಮಂದಿ ರೋಗಿಗಳನ್ನು ತೂಗಿ, ಒಬ್ಬನಲ್ಲಿ ಸುಮಾರು ಇಪ್ಪತ್ತೊಂದು ಗ್ರಾಂ ಕಡಮೆಯಾಯಿತೆಂದು ಪ್ರಕಟಿಸಿದನು. ಆರರಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದದೆ ಹೋದುದರಿಂದ ವಿಜ್ಞಾನವು ಅದನ್ನು ಒಪ್ಪಲಿಲ್ಲ. ತಳಾರನು ತೂಗಿದುದು ಜೀವವಿಲ್ಲವೆಂದು ತೋರಿಸಲು, ವೈದ್ಯನು ತೂಗಿದುದು ಉಂಟೆಂದು ತೋರಿಸಲು. ಉದ್ದೇಶ ಬೇರೆಯಾದರೂ ತಕ್ಕಡಿ ಒಂದೇ.

ಚಂಡಕರ್ಮನ ಪರೀಕ್ಷೆಗಳು ಕ್ರೂರವಾದುವು. ಕವಿಗಳು ಅವನಿಗೆ ಆ ಹೆಸರನ್ನು ಇಟ್ಟುದು ಸುಮ್ಮನಲ್ಲ. ಅಹಿಂಸೆಯನ್ನು ಸಾರುವ ಕಾವ್ಯದಲ್ಲಿ, ಜೀವವಿಲ್ಲವೆನ್ನುವವನ ಕೈ ರಕ್ತದಿಂದ ತೊಯ್ದಿರುವಂತೆ ಮಾಡಿರುವುದು ಒಂದು ವಾದತಂತ್ರ. ಹಾಗಿದ್ದರೂ ಪ್ರಶ್ನೆಯನ್ನು ಪ್ರತ್ಯಕ್ಷಕ್ಕೆ ಒಡ್ಡಬೇಕು ಎಂಬ ಅವನ ನಿಲುವು ಮಹಾಮತಿಯ ನಿಲುವಿಗಿಂತ ಗಟ್ಟಿಯಾದುದು. ಮಹಾಮತಿಯು ಸುಖಕ್ಕಾಗಿ ಪರಲೋಕವನ್ನು ಅಲ್ಲಗಳೆಯುತ್ತಾನೆ. ಚಂಡಕರ್ಮನು ಸಾಕ್ಷ್ಯ ಸಿಕ್ಕದುದಕ್ಕಾಗಿ ಅಲ್ಲಗಳೆಯುತ್ತಾನೆ. ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ರಚಿಸಿದಾಗ, ಕ್ರೌರ್ಯವನ್ನು ಕಳೆದು ಪರೀಕ್ಷಾಬುದ್ಧಿಯನ್ನು ಉಳಿಸಿಕೊಂಡ ಮಾರ್ಗವೇ ನಮ್ಮ ನಾಡಿನಲ್ಲಿ ಮತ್ತೆ ತೆರೆದಂತಾಯಿತು.

ಕಾವ್ಯದಲ್ಲಿ ವಾದ ಮುಗಿಯುವ ಬಗೆಯೂ ವಿಚಾರಾರ್ಹ. ಮುನಿಗಳ ದೃಷ್ಟಾಂತಗಳ ಅನಂತರ ಕೋಳಿಗಳಿಗೆ ಪೂರ್ವಜನ್ಮದ ಸ್ಮರಣೆ ಉಂಟಾಗುತ್ತದೆ. ಅವು ಹರ್ಷದಿಂದ ಕೂಗುತ್ತವೆ. ಆ ಕೂಗನ್ನು ಕೇಳಿದ ಅರಸು ಯಶೋಮತಿಯು ಶಬ್ದವೇಧಿ ಬಾಣದಿಂದ ಎರಡನ್ನೂ ಕೊಲ್ಲುತ್ತಾನೆ. ಅರಿಯದೆ ತನ್ನ ತಂದೆಯನ್ನೂ ಅಜ್ಜಿಯನ್ನೂ ಕೊಂದಂತಾಗುತ್ತದೆ. ಪುನರ್ಜನ್ಮಕ್ಕೆ ಸಾಕ್ಷಿ ದೊರೆತ ಗಳಿಗೆಯಲ್ಲಿಯೇ ಸಾಕ್ಷಿಗಳು ಇಲ್ಲವಾಗುತ್ತವೆ. ಈ ವ್ಯಂಗ್ಯದ ತೀವ್ರತೆಯನ್ನು ಅನುಭವಿಸಲು ಓದುಗನು ಜೈನನಾಗಬೇಕಾಗಿಲ್ಲ.

೫

ಮೇಲಿನ ಎರಡು ವಾದಗಳೂ ದೃಷ್ಟಾಂತಗಳ ಮೇಲೆಯೇ ನಡೆದಿವೆ. ದೃಷ್ಟಾಂತಕ್ಕೆ ಎಷ್ಟು ಬಲವುಂಟೆಂಬುದನ್ನು ಪುಸ್ತಕದ ಹೊರಗಿನ ವಸ್ತುವೊಂದರಿಂದ ಪರೀಕ್ಷಿಸಬಹುದು. ಒಣಗಿದ ತೆಂಗಿನಕಾಯಿಯ ತಿರುಳು ಚಿಪ್ಪಿನಿಂದ ಬಿಡುವಂತೆ ಜ್ಞಾನಿಯ ಆತ್ಮವು ದೇಹದಿಂದ ಬಿಡುತ್ತದೆ ಎಂಬ ಮಾತು ವೇದಾಂತದ ಉಪನ್ಯಾಸಗಳಲ್ಲಿ ಸಾಮಾನ್ಯ. ರಾಮಕೃಷ್ಣ ಪರಮಹಂಸರೂ ಇದನ್ನು ಬಳಸಿದ್ದಾರೆ. ತಿಪಟೂರಿನ ಸೀಮೆಯಲ್ಲಿ ಇದು ಉಪಮೆಯಲ್ಲ, ಉದ್ಯೋಗ. ಉಂಡೆ ಕೊಬ್ಬರಿಗೆ ದೇಶದಲ್ಲಿಯೇ ಹೆಸರಾದ ಮಾರುಕಟ್ಟೆ ತಿಪಟೂರು. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಸದ್ದು ಮಾಡುತ್ತದೆ. ಅನಂತರ ಸಿಪ್ಪೆಯನ್ನು ಸುಲಿದು, ಚಿಪ್ಪನ್ನು ಎಚ್ಚರಿಕೆಯಿಂದ ಒಡೆದು ಉಂಡೆಯನ್ನು ತೆಗೆಯುತ್ತಾರೆ.

ವೇದಾಂತಿಯು ಈ ಕ್ರಿಯೆಯನ್ನು ತಿರುಳು ಬಿಟ್ಟುಕೊಳ್ಳುವಲ್ಲಿಗೆ ನಿಲ್ಲಿಸಿ, ದೇಹದೊಳಗಿದ್ದೂ ದೇಹಕ್ಕೆ ಅಂಟದ ಮುಕ್ತನನ್ನು ಕಾಣುತ್ತಾನೆ. ಪುನರ್ಜನ್ಮವಾದಿಗೆ ಬೇಕಾದುದು ಕೊಬ್ಬರಿಯಲ್ಲ, ಬಿತ್ತನೆಯ ಕಾಯಿ. ಕಣ್ಣಿನ ಕೆಳಗಿನ ಅಂಕುರವು ತಿರುಳನ್ನೇ ಉಂಡು ಹೊಸ ಸಸಿಯಾಗುವುದನ್ನು ಅವನು ತೋರಿಸುತ್ತಾನೆ. ನಾಸ್ತಿಕನು ಒಳಗಿನ ನೀರನ್ನು ಕುರಿತು ಕೇಳುತ್ತಾನೆ: ಕಾಯಿ ಎಳೆಯದಾಗಿದ್ದಾಗ ತುಂಬಿ ತುಳುಕುತ್ತಿದ್ದ ನೀರು ಎಲ್ಲಿಗೆ ಹೋಯಿತು? ಅದು ಯಾವ ಲೋಕವನ್ನು ಸೇರಿತೆಂದು ಅಟ್ಟದ ಒಡೆಯನು ಚಿಂತಿಸುವುದಿಲ್ಲ. ಬತ್ತಿತು ಎನ್ನುತ್ತಾನೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಒಂದೇ ಕಾಯಿ ಮೂವರಿಗೂ ಒದಗಿತು. ಯಾರು ಎಲ್ಲಿ ನಿಲ್ಲಿಸಿದರು ಎಂಬುದರ ಮೇಲೆ ಅರ್ಥ ನಿಂತಿದೆ. ಇದರಿಂದ ತಿಳಿಯುವುದೇನೆಂದರೆ, ಮಹಾಮತಿಯ ಮದ್ಯವೂ ಅಕಂಪನರ ಶಂಖವೂ ತಮ್ಮ ತಮ್ಮ ಮತವನ್ನು ಮನಸ್ಸಿಗೆ ತಂದುಕೊಡಬಲ್ಲವೇ ಹೊರತು ಸಾಧಿಸಲಾರವು. ಗಾಳಿ ತುಂಬಿದ ತಿದಿಗೆ ತೂಕ ಹೆಚ್ಚಿಲ್ಲವೆಂಬ ಮಾತನ್ನಂತೂ ಗಾಳಿಗೂ ತೂಕವುಂಟೆಂದು ತಿಳಿದ ಇಂದಿನ ಶಾಸ್ತ್ರ ಒಪ್ಪುವುದಿಲ್ಲ. ದೃಷ್ಟಾಂತವು ಕವಿಯ ಸಾಮಗ್ರಿ. ಅದನ್ನು ಪ್ರಮಾಣವೆಂದು ಭಾವಿಸಿದಾಗ ಎರಡು ಪಕ್ಷಗಳೂ ಸೋಲುತ್ತವೆ.

೬

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರನ್ನು ನಾಸ್ತಿಕರೆಂದು ಯಾರೂ ಹೇಳರು. ಆದರೂ ೧೯೨೯ರಲ್ಲಿ ಪ್ರಕಟವಾದ ಅವರ ಅಶ್ವತ್ಥಾಮನ್ ನಾಟಕವನ್ನು ಇಲ್ಲಿ ನೆನೆಯಲೇಬೇಕು. ಗ್ರೀಕ್ ಕವಿ ಸೊಫೊಕ್ಲೀಸನ ಐಯಾಸ್ ನಾಟಕವನ್ನು ಅವರು ಮಹಾಭಾರತದ ಕಥೆಗೆ ಒಗ್ಗಿಸಿದರು. ನಮ್ಮ ಪುರಾಣದ ಪ್ರಕಾರ ಅಶ್ವತ್ಥಾಮನು ಚಿರಂಜೀವಿ, ಸಾಯಲಾರದವನು. ಶ್ರೀಯವರ ಅಶ್ವತ್ಥಾಮನಾದರೋ ತನ್ನ ಕೈಯಿಂದಲೇ ಸಾಯುತ್ತಾನೆ. ಇದು ಪುರಾಣಕ್ಕೆ ಮಾಡಿದ ಅಪಚಾರವೆಂದು ಆಕ್ಷೇಪಿಸಬಹುದು. ಆದರೆ ರುದ್ರನಾಟಕದ ನಿಯಮ ಬೇರೆ. ಸಾಯದವನಿಗೆ ದುರಂತವಿಲ್ಲ. ಬದುಕಿಗೆ ಕೊನೆಯುಂಟೆಂಬ ನಿಜ ಒಪ್ಪಿತವಾದಲ್ಲದೆ ಮಾನ, ಅವಮಾನ, ಪಶ್ಚಾತ್ತಾಪಗಳಿಗೆ ತೂಕ ಬರುವುದಿಲ್ಲ. ಮರಣದ ಆಚೆಗೆ ಹಾದಿಯಿಲ್ಲದಂತೆ ನಡೆದುಕೊಳ್ಳುವ ಶಿಸ್ತನ್ನು, ಆಸ್ತಿಕನಾದ ಕವಿಯೂ ಗ್ರೀಕರಿಂದ ಕಲಿತು ತಂದುದು ಹೊಸಗನ್ನಡದ ಒಂದು ಲಾಭ.

ಸೊಫೊಕ್ಲೀಸನ ನಾಟಕದ ರಚನೆಯೂ ಅರ್ಥವತ್ತಾದುದು. ನಾಯಕನು ಸತ್ತ ಮೇಲೆಯೂ ನಾಟಕ ಬಹುದೂರ ನಡೆಯುತ್ತದೆ. ಉಳಿದ ಭಾಗವೆಲ್ಲ ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ಜಗಳ. ಸತ್ತವನು ಎಲ್ಲಿಗೆ ಹೋದನೆಂಬುದು ಅಲ್ಲಿ ಮುಖ್ಯ ಪ್ರಶ್ನೆಯಲ್ಲ. ಬದುಕಿರುವವರು ಅವನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದೇ ಪ್ರಶ್ನೆ. ವೈರಿಯ ಹೆಣಕ್ಕೂ ಮರ್ಯಾದೆ ಸಲ್ಲಬೇಕೆಂಬ ತೀರ್ಮಾನಕ್ಕೆ ಪರಲೋಕದ ನಂಬಿಕೆ ಅನಿವಾರ್ಯವಲ್ಲ. ಪರಲೋಕವನ್ನು ಒಪ್ಪದವನು ಹೆಣವನ್ನು ಕಸದಂತೆ ಕಾಣುತ್ತಾನೆಂಬ ಅಪವಾದಕ್ಕೆ ಇಲ್ಲಿ ಉತ್ತರವಿದೆ.

ನಂಬದವನು ನಂಬಿಕೆಯ ಕಾವ್ಯವನ್ನು ಓದಿ ಸವಿಯಬಲ್ಲನೇ ಎಂಬ ಪ್ರಶ್ನೆಯೂ ಉಂಟು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು (೧೯೦೬–೧೯೬೬) ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕನ್ನಡಿಗರಿಗೆ ವಿಶದಪಡಿಸಿದ ಸಾಧಾರಣೀಕರಣದ ತತ್ತ್ವವು ಇದಕ್ಕೆ ದಾರಿ ತೋರುತ್ತದೆ. ಕಾವ್ಯದ ಶೋಕವು ಇಂಥವನದೆಂಬ ಕಟ್ಟನ್ನು ಕಳೆದುಕೊಂಡು ಸಹೃದಯನದಾಗುತ್ತದೆ. ಲಲಿತಾಂಗನ ಹೂಮಾಲೆ ಬಾಡಿದಾಗ ಈಶಾನಕಲ್ಪವುಂಟೇ ಎಂದು ಸಹೃದಯನು ಕೇಳುವುದಿಲ್ಲ. ಆದುದರಿಂದ ನಾಸ್ತಿಕನು ಹಳೆಯ ಕಾವ್ಯವನ್ನು ದೂರವಿಡಬೇಕಾಗಿಲ್ಲ. ಆಸ್ತಿಕನು ಹೊಸ ಕಾದಂಬರಿಗೆ ಅಂಜಬೇಕಾಗಿಯೂ ಇಲ್ಲ.

೭

ಪೂರ್ವಪಕ್ಷವಾಗಿದ್ದ ಮಾತು ಸಿದ್ಧಾಂತವಾಗಿ, ತನ್ನದೇ ದನಿಯಲ್ಲಿ ಕನ್ನಡದಲ್ಲಿ ಕೇಳಿಬಂದುದು ಇಪ್ಪತ್ತನೆಯ ಶತಮಾನದಲ್ಲಿ. ದೇವರು, ಪರಲೋಕಗಳ ವಿಷಯದಲ್ಲಿ ತಮ್ಮ ಅವಿಶ್ವಾಸವನ್ನು ಮರೆಮಾಡದ ಶಿವರಾಮ ಕಾರಂತರು (೧೯೦೨–೧೯೯೭) ೧೯೬೦ರಲ್ಲಿ ಪ್ರಕಟಿಸಿದ ಕಾದಂಬರಿಗೆ ‘ಅಳಿದ ಮೇಲೆ’ ಎಂಬ ಹೆಸರಿಟ್ಟರು. ಪುರಾಣದ ಓದುಗನಿಗೆ ಈ ಹೆಸರು ಸ್ವರ್ಗನರ“ಕಗಳನ್ನು ಸೂಚಿಸೀತು. ಕಾದಂಬರಿಯಲ್ಲಿ ಅವು ಯಾವುವೂ ಇಲ್ಲ. ಮುಂಬಯಿಯಲ್ಲಿ ಒಂಟಿಯಾಗಿದ್ದ ಯಶವಂತರಾಯನು ಸಾಯುತ್ತಾನೆ. ಅವನ ಪರಿಚಿತನಾದ ನಿರೂಪಕನ ಕೈಗೆ ಅವನ ಬರೆಹಗಳು, ಚಿತ್ರಗಳು, ಸ್ವಲ್ಪ ಹಣ, ಅವನು ನೆರವು ಕಳುಹಿಸುತ್ತಿದ್ದ ಕೆಲವರ ಹೆಸರುಗಳು ಬರುತ್ತವೆ. ಆ ಜಾಡನ್ನು ಹಿಡಿದು ನಿರೂಪಕನು ಊರೂರು ತಿರುಗಿ, ಸತ್ತವನನ್ನು ಬಲ್ಲವರನ್ನು ಕಂಡು, ಅವನ ಬದುಕನ್ನು ಕೂಡಿಸಿಕೊಳ್ಳುತ್ತಾನೆ.

ಇಲ್ಲಿ ಭವಾವಳಿಯ ತಂತ್ರವೇ ತಲೆಕೆಳಗಾಗಿದೆಯೆಂದು ಹೇಳಬಹುದು. ಜೈನಪುರಾಣದಲ್ಲಿ ಒಂದೇ ಜೀವ ಹಲವು ದೇಹಗಳಲ್ಲಿ ಮುಂದುವರಿಯುತ್ತದೆ. ಕಾರಂತರಲ್ಲಿ ಮುಗಿದುಹೋದ ಒಂದು ಜೀವ ಹಲವರ ನೆನಪುಗಳಲ್ಲಿ ಹಲವು ರೂಪವಾಗಿ ಉಳಿದಿದೆ: ಒಬ್ಬರಿಗೆ ಅಕ್ಕರೆಯವನು, ಇನ್ನೊಬ್ಬರಿಗೆ ಒಗರಾದವನು. ಮುನಿಯ ಅವಧಿಜ್ಞಾನದ ಎಡೆಯಲ್ಲಿ ನಿರೂಪಕನ ಪ್ರವಾಸ ಬಂದಿದೆ. ಕರ್ಮದ ಎಡೆಯಲ್ಲಿ ಋಣದ ಲೆಕ್ಕ ಬಂದಿದೆ. ಲೋಕದಿಂದ ಪಡೆದುದನ್ನು ಲೋಕಕ್ಕೆ ಹಿಂದಿರುಗಿಸಿ ಹೋಗಬೇಕೆಂಬುದು ಯಶವಂತನ ಬಾಳಿನ ನೀತಿ. ಈ ಲೆಕ್ಕಕ್ಕೆ ಮೇಲಿನಿಂದ ನೋಡುವವರಿಲ್ಲ, ಫಲಕೊಡುವವರಿಲ್ಲ. ಮಹಾಮತಿಯ ಮೇಲೆ ಸಾವಿರ ವರ್ಷಗಳ ಹಿಂದೆ ಹೊರಿಸಿದ ಆಪಾದನೆಯೆಂದರೆ, ಪರಲೋಕವನ್ನು ಬಿಟ್ಟವನಿಗೆ ಭೋಗವಲ್ಲದೆ ಬೇರೆ ಗುರಿಯಿಲ್ಲ ಎಂಬುದು. ಯಶವಂತನ ಪಾತ್ರ ಅದಕ್ಕೆ ಕನ್ನಡದಲ್ಲಿ ದೊರೆತ ಗಟ್ಟಿಯಾದ ಉತ್ತರ. ವಾದದಿಂದಲ್ಲ, ಬದುಕಿದ ರೀತಿಯಿಂದ.

ಎ. ಎನ್. ಮೂರ್ತಿರಾಯರ (೧೯೦೦–೨೦೦೩) ‘ದೇವರು’ ೧೯೯೧ರಲ್ಲಿ, ಗ್ರಂಥಕರ್ತರು ತೊಂಬತ್ತನ್ನು ದಾಟಿದ ಮೇಲೆ ಪ್ರಕಟವಾಯಿತು. ನಾಸ್ತಿಕತೆಯು ಯೌವನದ ಹುರುಪು, ಸಾವು ಹತ್ತಿರವಾದಾಗ ಎಲ್ಲರೂ ದೇವರ ಕಡೆಗೆ ತಿರುಗುತ್ತಾರೆ ಎಂಬ ಲೋಕವಾಡಿಕೆಗೆ ಈ ಸಂಗತಿಯೇ ಒಂದು ಪ್ರತ್ಯುತ್ತರ. ಸೌಮ್ಯವಾದ ಲಲಿತಪ್ರಬಂಧಗಳಿಂದ ಹೆಸರಾಗಿದ್ದ ಲೇಖಕರು, ಅದೇ ಸೌಮ್ಯವಾದ ಗದ್ಯದಲ್ಲಿ ದೇವರನ್ನು ಒಪ್ಪಲಾಗದ ಕಾರಣಗಳನ್ನು ಬಿಡಿಸಿಟ್ಟರು. ಪೂರ್ವಪಕ್ಷದ ನಾಸ್ತಿಕರಿಗೆ ಕವಿಗಳು ಕೊಟ್ಟಿದ್ದ ಭೋಗದ ಆತುರವಾಗಲಿ ತಳಾರನ ಕ್ರೌರ್ಯವಾಗಲಿ ಇಲ್ಲಿ ಇಲ್ಲ.

೮

ಇಷ್ಟು ಹೇಳಿದ ಮೇಲೆ ನಾಸ್ತಿಕನ ಉತ್ತರದ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಹೊಗೆಯಲ್ಲಿ ಸತ್ತ ವಜ್ರಜಂಘ ಶ್ರೀಮತಿಯರನ್ನು ಪಂಪನು ಭೋಗಭೂಮಿಯಲ್ಲಿ ಮತ್ತೆ ಕೂಡಿಸುತ್ತಾನೆ. ಇಂಥ ಪುನರ್ಮಿಲನವನ್ನು ಕಾರಂತರು ಕೊಡಲಾರರು. ಮಗುವನ್ನು ಕಳೆದುಕೊಂಡ ತಾಯಿಗೆ, ನೀರು ಬತ್ತಿತು ಎಂಬ ಮಾತು ಸಮಾಧಾನವಾಗದು. ಅನ್ಯಾಯಕ್ಕೆ ಒಳಗಾಗಿ ಸತ್ತವನ ಲೆಕ್ಕ ಬೇರೊಂದು ಎಡೆಯಲ್ಲಿ ಚುಕ್ತಾ ಆಗುತ್ತದೆಂಬ ಭರವಸೆಯೂ ಇಲ್ಲಿ ಇಲ್ಲ. ಇವು ಸಣ್ಣ ನಷ್ಟಗಳಲ್ಲ. ಇವನ್ನು ಅಲ್ಲಗಳೆಯುವ ನಾಸ್ತಿಕನು ಮಹಾಮತಿಯಷ್ಟೇ ಅವಸರದವನು.

ಆದರೆ ಈ ನಷ್ಟದಿಂದಲೇ ಒಂದು ಹೊಣೆ ಹುಟ್ಟುತ್ತದೆ. ಲೆಕ್ಕ ಚುಕ್ತಾ ಮಾಡುವ ಬೇರೊಂದು ಲೋಕವಿಲ್ಲವಾದರೆ ಅದನ್ನು ಇಲ್ಲಿಯೇ, ಬದುಕಿರುವವರೇ ಮಾಡಬೇಕು. ಸತ್ತವನಿಗೆ ಆದ ಅನ್ಯಾಯವನ್ನು ಕರ್ಮಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವ ಅನುಕೂಲ ನಾಸ್ತಿಕನಿಗಿಲ್ಲ. ಎಲ್ಲಿಗೆ ಹೋದನು ಎಂಬ ಪ್ರಶ್ನೆಯನ್ನು ಕೈಬಿಟ್ಟವನು, ಏನನ್ನು ಬಿಟ್ಟುಹೋದನು, ಅದನ್ನು ನಾವು ಏನು ಮಾಡಿದೆವು ಎಂಬ ಪ್ರಶ್ನೆಗಳನ್ನು ಎತ್ತಿಕೊಳ್ಳಲೇಬೇಕಾಗುತ್ತದೆ. ತೆಂಗಿನ ಸೀಮೆಯಲ್ಲಿ ಎತ್ತರದ ತಳಿಯ ಸಸಿಯನ್ನು ನೆಟ್ಟವನು ಫಲಕ್ಕಾಗಿ ಆರೇಳು ವರ್ಷ ಕಾಯಬೇಕು. ಮರವಾದರೋ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳುತ್ತದೆ. ಇಳಿವಯಸ್ಸಿನಲ್ಲಿ ಸಸಿ ನೆಡುವವನು ಪರಲೋಕವನ್ನು ನಂಬಲಿ ಬಿಡಲಿ, ತಾನಿಲ್ಲದ ಇಹಲೋಕವನ್ನು ನಂಬಿರಲೇಬೇಕು.

ಒಟ್ಟಿನಲ್ಲಿ, ಮಹಾಮತಿಯಲ್ಲಿ ಭೋಗದ ನೆಪವಾಗಿಯೂ, ಚಂಡಕರ್ಮನಲ್ಲಿ ಕ್ರೂರವಾದರೂ ನಿಜವಾದ ಜಿಜ್ಞಾಸೆಯಾಗಿಯೂ ಕಾಣಿಸಿಕೊಂಡ ನಾಸ್ತಿಕನ ಮರಣವಿಚಾರವು, ಕಾರಂತರಲ್ಲಿ ಋಣದ ನೀತಿಯಾಗಿ ಬೆಳೆದಿದೆಯೆಂದು ಹೇಳಬಹುದು. ಕನ್ನಡ ಕಾವ್ಯಪರಂಪರೆಯು ಈ ಮಾತನ್ನು ಖಂಡಿಸುವ ಸಲುವಾಗಿಯೇ ಕಾಪಾಡಿಕೊಂಡು ಬಂದಿತು. ಖಂಡನೆಗೆಂದು ಇಟ್ಟುಕೊಂಡುದನ್ನು ಇಂದು ಅದರ ಸ್ವಂತ ಬೆಲೆಗಾಗಿ ಓದುವುದು ನಮ್ಮ ವಿಮರ್ಶೆಯ ಕರ್ತವ್ಯಗಳಲ್ಲಿ ಒಂದಾಗಿದೆ.